ಅಕ್ಕನ ಕೋಣೆ ಹೊತ್ತ ಪಿಕಪ್

ಮೊದಲ ಸಲ ಭಾವನ ಪೆಟ್ಟಿಗೆಮನೆಯನ್ನು ಬೆನ್ನ ಮೇಲೆ ಹೇರಿಕೊಂಡಾಗ ನನ್ನ ಪಿಕಪ್ ಕೂತೇ ಬಿಟ್ಟಿತು. ಹಿಂದಿನ ಎರಡೂ ಚಕ್ರ ಮಡ್‌ಗಾರ್ಡಿನೊಳಗೆ ಹೋಗಿ ಅಡಗಿದವು, ಮೂತಿ ಆಕಾಶಕ್ಕೆ ಎದ್ದಿತು. ಬಿಸ್ಕತ್ತು ಸಿಗುತ್ತದೆ ಎಂದು ಹಿಂಗಾಲ ಮೇಲೆ ಕೂತು ಕಾಯುವ ನಾಯಿ ಇರುತ್ತದಲ್ಲ, ಥೇಟ್ ಹಾಗೆ. ನಾನು ತಡಮಾಡಲಿಲ್ಲ. ಪಕ್ಕದಲ್ಲೇ ಅದೇ ಭಂಗಿಯಲ್ಲಿ ಕೂತು, ಎರಡು ಕೈ ಎದೆಗೆ ಮಡಚಿ, ನಾಲಿಗೆ ಹೊರಗೆ ಹಾಕಿ ತೋರಿಸಿದೆ. ಭಾವ ನಗಲಿಲ್ಲ.

"ನೀನು ಮಂಗ ಆಗುವುದು ಆಮೇಲೆ. ಇದು ಅಲ್ ಐನ್‌ವರೆಗೆ ಹೋಗ್ತದಾ, ಅದು ಹೇಳು."

"ಹೋಗ್ತದೆ ಭಾವ. ಹೆಡ್‌ಲೈಟಲ್ಲಿ ರಸ್ತೆ ಕಾಣ್ಲಿಕ್ಕಿಲ್ಲ ಅಷ್ಟೆ. ವಿಮಾನದವರಿಗೆ ದಾರಿ ತೋರಿಸ್ತಾ ಹೋಗುವ."

ಪೆಟ್ಟಿಗೆಮನೆ ಎಂದು ಹೆಸರಿಟ್ಟದ್ದು ನಾನು. ಅದರ ನಿಜವಾದ ಹೆಸರು ಕ್ಯಾಂಪರ್. ಮೇಜಿಗೆ ಡ್ರಾಯರ್ ತಳ್ಳಿದ ಹಾಗೆ ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೆ ಜಾರಿಸಿ ಕೂರಿಸುವ ಪುಟ್ಟ ಮನೆ. ಡ್ರೈವರನ ತಲೆಯ ಮೇಲಕ್ಕೆ ಚಾಚಿಕೊಂಡ ಭಾಗದಲ್ಲಿ ಇಬ್ಬರು ಮಲಗುವ ಹಾಸಿಗೆ. ಕೆಳಗೆ ಒಲೆ, ಅಂಗೈಯಗಲದ ಸಿಂಕು, ಹಿಂಬದಿಯ ಬೆಂಚಿನಡಿ ನೀರಿನ ಟ್ಯಾಂಕು, ಕೊನೆಗೆ ಬಾಗಿಲು. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಾಲು. ಹಿಡಿ ತಿರುಗಿಸಿದರೆ ಕಾಲು ಉದ್ದವಾಗಿ ಮನೆ ತಾನೇ ನೆಲದ ಮೇಲೆ ಎದ್ದು ನಿಲ್ಲುತ್ತದೆ. ಪಿಕಪ್ಪನ್ನು ರಿವರ್ಸಿನಲ್ಲಿ ಅದರಡಿಗೆ ತಂದು ಕಾಲು ಎಳೆದುಕೊಂಡರೆ ಬೆನ್ನ ಮೇಲೆ ಕೂರುತ್ತದೆ. ಭಾವ ಕೆಲಸ ಮಾಡುವ ಅಬುಧಾಬಿಯ ಹೋಟೆಲಿನಲ್ಲಿ ಬಹಳ ಕಾಲ ಉಳಿದಿದ್ದ ವಿದೇಶಿ ಎಂಜಿನಿಯರ್ ಒಬ್ಬರು ತಮ್ಮ ಊರಿಗೆ ಮರಳುವಾಗ, ಯಾರಿಗೆ ಬೇಕೋ ಕೊಂಡುಹೋಗಿ, ಇಲ್ಲದಿದ್ದರೆ ಗುಜರಿಗೆ ಎಂದರಂತೆ. ಉಳಿದವರೆಲ್ಲ ನಕ್ಕರು. ಭಾವ ಒಬ್ಬರೇ ಕೈ ಎತ್ತಿದರು.

ಕೈ ಎತ್ತಿದ್ದು ಆ ಹಿಂದಿನ ಬಾಗಿಲಿಗಾಗಿ. ಅದಕ್ಕೆ ಒಳಗಿನಿಂದ ಹಾಕುವ ಚಿಲಕ ಇತ್ತು.

ನನ್ನ ಅಕ್ಕ ಅಲ್ ಐನ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ವಾಸ ಆಸ್ಪತ್ರೆಯವರ ಹೆಂಗಸರ ಹಾಸ್ಟೆಲಿನಲ್ಲಿ. ಭಾವ ಹೋಟೆಲಿನ ಬಟ್ಟೆ ವಿಭಾಗದ ಸೂಪರ್‌ವೈಸರ್. ನೂರಾರು ಹಾಸಿಗೆಗಳ ಚಾದರ ಅವರ ಉಸ್ತುವಾರಿಯಲ್ಲಿ, ಸ್ವಂತಕ್ಕೆ ಮಾತ್ರ ಸ್ಟಾಫ್ ಕ್ವಾರ್ಟರ್ಸಿನ ಒಂದು ಮೇಲಿನ ಬಂಕು. ಮದುವೆಯಾಗಿ ಮೂರು ವರ್ಷ. ಮನೆ ಮಾಡುವ ವಿಚಾರ ಪ್ರತಿ ಹೊಸವರ್ಷಕ್ಕೆ ಬಂದು, ಪ್ರತಿ ಈಸ್ಟರಿಗೆ ಮುಂದಿನ ಹೊಸವರ್ಷಕ್ಕೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದರೆ ಅಲ್ಲಿ ಮನೆ ತುಂಬ ಜನ, ಗೋಡೆಗಳಿಗೂ ಅತ್ತೆ ಮಾವಂದಿರ ಕೆಮ್ಮು. ಇಲ್ಲಿ ಅವರಿಬ್ಬರ ಸಂಸಾರ ನಡೆಯುತ್ತಿದ್ದದ್ದು ಚರ್ಚಿನ ಅಂಗಳದಲ್ಲಿ, ಮಾಲಿನ ಫುಡ್‌ಕೋರ್ಟಿನಲ್ಲಿ, ಮತ್ತೆ ಹಾಸ್ಟೆಲಿನ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಆ ಕುರ್ಚಿಯ ದೃಶ್ಯ ನನ್ನ ಅತಿ ಬೇಡಿಕೆಯ ಐಟಂ. ಕಟ್ಟಡದ ಕಾವಲಿನವನು, ಇಲ್ಲಿನವರ ಬಾಯಲ್ಲಿ ನಾಟೂರ್, ಭಾವನನ್ನು ಪ್ರತಿ ಸಲವೂ ಮೊದಲ ಸಲ ನೋಡಿದವನಂತೆ ನೋಡಿ, "ಬೈಠೋ ಸಾಬ್, ಮೇಡಂ ಆಯೇಗಾ" ಎನ್ನುತ್ತಾನೆ. ಭಾವ ವಾಟರ್ ಕೂಲರಿನ ಪಕ್ಕ ಕೂರುತ್ತಾರೆ. ಕೂಲರ್ ಗುಡುಗುಡು ಎನ್ನುತ್ತದೆ. ಭಾವ ಅದಕ್ಕೂ "ಹಾಂ" ಎನ್ನುತ್ತಾರೆ. ನಾನು ಮೂರೂ ಪಾತ್ರ ಮಾಡುತ್ತೇನೆ, ಕೂಲರಿನದ್ದು ಸೇರಿ.

ನನ್ನದೂ ಹೇಳಿಬಿಡುತ್ತೇನೆ, ಬೇರೆಯವರನ್ನು ಮಾತ್ರ ಆಡಿಕೊಂಡರೆ ಚಂದವಲ್ಲ. ದುಬೈಯಲ್ಲಿ ಮದುವೆ ಸಮಾರಂಭಗಳಿಗೆ ಕುರ್ಚಿ, ಟೆಂಟು ಬಾಡಿಗೆಗೆ ಕೊಡುವ ಕಂಪೆನಿಯಲ್ಲಿ ಕೆಲಸ. ಬರ್ ದುಬೈಯ ಫ್ಲಾಟಿನಲ್ಲಿ ಕಿಟಕಿ ಪಕ್ಕದ ಮಂಚ. ಜೊತೆಯವರೆಲ್ಲ ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಂಡರೆ ನಾನು ಸೆಕೆಂಡ್‌ಹ್ಯಾಂಡ್ ಪಿಕಪ್ ತೆಗೆದುಕೊಂಡೆ. ಮುಂದೆ ಇಬ್ಬರು, ಹಿಂದೆ ಮೂವರು, ಅದರ ಹಿಂದೆ ತೊಟ್ಟಿ. ಯಾಕೆ ಎಂದು ಕೇಳಿದವರಿಗೆ ಗಂಭೀರವಾಗಿ "ಉಪಯೋಗಕ್ಕೆ" ಎಂದೆ. ಎತ್ತರದಲ್ಲಿ ಕೂತು ಎಡಗೈ ಕಿಟಕಿಯ ಹೊರಗಿಟ್ಟು ಓಡಿಸಿದರೆ ನಾನು ಎಷ್ಟು ಚಂದ ಕಾಣುತ್ತೇನೆ ಎಂದು ಅಂಗಡಿಗಳ ಗಾಜಿನಲ್ಲಿ ನೋಡಿಕೊಂಡದ್ದನ್ನು ಹೇಳಲಿಲ್ಲ. ಆಗಾಗ ಕಂಪೆನಿಯ ಕುರ್ಚಿ ಹೊರುತ್ತಿದ್ದ ಆ ಪಿಕಪ್ಪಿಗೆ ಈಗ ನಿಜವಾದ ಒಂದು ಉಪಯೋಗ ಬಂದಿತ್ತು. ಭಾವನಿಗೆ ಇಲ್ಲಿನ ಲೈಸೆನ್ಸ್ ಇರಲಿಲ್ಲ. ಡ್ರೈವಿಂಗ್ ಟೆಸ್ಟಿಗೆ ಹೋಗಿ ಹೋಗಿ, ಪರೀಕ್ಷೆ ಮಾಡುವವರ ಮಕ್ಕಳ ಕ್ಷೇಮಸಮಾಚಾರ ಕೇಳುವಷ್ಟು ಪರಿಚಯವಾಗಿತ್ತು. ಹಾಗಾಗಿ ಅವರಿಬ್ಬರ ಏಕಾಂತಕ್ಕೆ ಭಾವಮೈದುನನೇ ಡ್ರೈವರ್.

ಅಕ್ಕನ ಷರತ್ತು ಒಂದೇ. ಅವಳಿಗೆ ಚಿಕ್ಕಂದಿನಿಂದ ವಾಹನ ಆಗುವುದಿಲ್ಲ. ಶಾಲೆಯ ಪ್ರವಾಸಕ್ಕೆ ಹೋಗುವಾಗ ಉಳಿದವರು ತಿಂಡಿ ತುಂಬಿದರೆ ಇವಳು ಲಿಂಬೆಹುಳಿ ಮತ್ತು ಪ್ಲಾಸ್ಟಿಕ್ ಚೀಲ ತುಂಬುತ್ತಿದ್ದಳು. ಬೇರೆಯವರ ವಾಂತಿಗೆ ಹುಬ್ಬು ಎತ್ತದ ನರ್ಸಮ್ಮ, ತನ್ನದಕ್ಕೆ ಮಾತ್ರ ಸಾಯುವಷ್ಟು ನಾಚುತ್ತಾಳೆ. ಫೋನಿನಲ್ಲಿ ಅವಳು ಸ್ಪಷ್ಟವಾಗಿ ಹೇಳಿದ್ದಳು.

"ಒಂದು ಸಲ ಬರ್ತೇನೆ. ಓಲಾಡಿ ನನ್ನ ಹೊಟ್ಟೆ ತೊಳಸಿತೋ, ಅಲ್ಲಿಗೆ ಖಲಾಸ್. ಸಿಗುವುದು ಒಂದು ದಿನ ರಜೆ. ಅದನ್ನು ಚೀಲ ಹಿಡ್ಕೊಂಡು ಕಳೀಲಿಕ್ಕೆ ನನಗೆ ಆಗುದಿಲ್ಲ."

ಭಾವ ಅದನ್ನು ನನಗೆ ಹೇಳುವಾಗ ಕೈಯಲ್ಲಿದ್ದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಡಿಸಿ, ಮತ್ತೆ ನಾಲ್ಕು ಮಡಿಕೆ ಮಾಡಿದರು. ಅವರು ಹೆದರಿದಾಗ ಬಟ್ಟೆ ಮಡಚುತ್ತಾರೆ. ಇನ್ನೊಂದು ಕಷ್ಟವೂ ಇತ್ತು. ಹೋಟೆಲಿನವರು ಕಂಪೌಂಡಿನಲ್ಲಿ ಕ್ಯಾಂಪರನ್ನು ಹೆಚ್ಚು ದಿನ ಇಡಲು ಬಿಡುವಂತಿರಲಿಲ್ಲ, ಮತ್ತು ಅಡುಗೆಮನೆಯ ಒಬ್ಬ ಮನುಷ್ಯ ಆಗಲೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದ. ಅದರ ಪಕ್ಕದ ಗೋಡೆ ಕತ್ತರಿಸಿ ಚಹಾ ಅಂಗಡಿ ಮಾಡುವುದು ಅವನ ಯೋಜನೆ.

"ಚಿಂತೆ ಬೇಡ ಭಾವ," ಎಂದೆ. "ಪಿಕಪ್ ನನ್ನದು. ಎಬ್ಬಿಸಿ ನಿಲ್ಲಿಸುವ ಜವಾಬ್ದಾರಿಯೂ ನನ್ನದು." ಇಷ್ಟು ಹೇಳುವಾಗ ಸಸ್ಪೆನ್ಷನ್ ಎಂದರೆ ಏನೆಂದು ನನಗೆ ಗೊತ್ತಿದ್ದದ್ದು ಕೆಲಸದಿಂದ ತೆಗೆಯುವ ಮೊದಲು ಕೊಡುವಂಥದ್ದು ಮಾತ್ರ. ಆದರೆ ನನ್ನ ದನಿಯಲ್ಲಿ ಎಷ್ಟು ಭರವಸೆ ಇತ್ತೆಂದರೆ ನನಗೇ ಧೈರ್ಯ ಬಂತು.

ಅಬುಧಾಬಿಯ ಹೊರಗಿನ ಮುಸಫ್ಫಾದ ಗ್ಯಾರೇಜುಗಳ ಸಾಲಿನಲ್ಲಿ ನಮ್ಮ ಕಡೆಯ ಬ್ಯಾರಿಯೊಬ್ಬರ ವರ್ಕ್‌ಶಾಪ್ ಇದೆ. ವಯಸ್ಸಾದವರು, ಎಲ್ಲರಿಗೂ ಕಾಕ. ಹೊಟ್ಟೆ ಮುಂದೆ, ಕಾಕ ಹಿಂದೆ. ಮಾತಿನ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ "ಅಲ್ಲವಾ ಮೋನೆ" ಎನ್ನುವುದು ಅವರ ಕ್ರಮ. ಮೋನೆ ಎಂದರೆ ಮಗನೇ ಎಂದು. ಖಾಲಿ ಪಿಕಪ್ಪಿನ ಕೆಳಗೆ ಟಾರ್ಚ್ ಹಾಕಿ ನೋಡಿ ಎದ್ದರು.

"ಅಲ್ಲವಾ ಮೋನೆ, ಇದರ ಹಿಂದಿನ ಕಮಾನು ಪಟ್ಟಿ ನೋಡು. ಬಿಲ್ಲಿನ ಹಾಗೆ ಬಾಗಿ ಇರ್ಬೇಕಾದ್ದು, ಸೋಮಾರಿಯ ಬೆನ್ನಿನ ಹಾಗೆ ಆಗಿದೆ. ಕುರ್ಚಿ ಹೊತ್ತು ಹೊತ್ತು ಸತ್ತಿದೆ. ನೀವು ಎಷ್ಟು ಹೇರ್ತೀರಿ ಅಂತ ಹೇಳಿ, ಅಷ್ಟಕ್ಕೆ ಪಟ್ಟಿ ಕೂರಿಸುವ. ಸುಮ್ನೆ ಗಟ್ಟಿ ಮಾಡಿದ್ರೆ ಕತ್ತೆ ಹಾಗೆ ಒದೀತದೆ, ಕಡಿಮೆ ಮಾಡಿದ್ರೆ ದೋಣಿ ಹಾಗೆ ಓಲಾಡ್ತದೆ. ತೂಕ ಸರಿ ಹೇಳ್ಬೇಕು, ಅಲ್ಲವಾ ಮೋನೆ."

ತೂಕ ಎಂದ ಕೂಡಲೇ ಭಾವನ ಎದೆ ಉಬ್ಬಿತು. ಯಾಕೆಂದರೆ ಈ ದೇಶದಲ್ಲಿ ನಮ್ಮವರ ನಡುವೆ ಭಾವನಿಗೆ ಇರುವ ಕೀರ್ತಿಯೇ ಅದು. ಕ್ವಾರ್ಟರ್ಸಿನಲ್ಲಿ ಯಾರು ಊರಿಗೆ ಹೊರಟರೂ ಪೆಟ್ಟಿಗೆ ಕಟ್ಟಲು ಇವರೇ ಆಗಬೇಕು. ಟ್ಯಾಂಗ್ ಡಬ್ಬದೊಳಗೆ ಬಾದಾಮಿ, ಬಾದಾಮಿಯ ನಡುವೆ ಅತ್ತರು, ಶೂ ಒಳಗೆ ಮಕ್ಕಳ ಪೆನ್ಸಿಲ್. ಅಂಗೈಯಲ್ಲಿ ಹಿಡಿಯುವ ಕೊಕ್ಕೆ ತಕ್ಕಡಿ ಯಾವಾಗಲೂ ಜೇಬಿನಲ್ಲಿ. ಅವರು ಕಟ್ಟಿದ ಪೆಟ್ಟಿಗೆಯನ್ನು ಏರ್‌ಪೋರ್ಟಿನ ಕೌಂಟರಿನಲ್ಲಿ ಬಿಚ್ಚಿಸಿದ ಇತಿಹಾಸವೇ ಇಲ್ಲ.

ಆ ಶುಕ್ರವಾರ ಸಂಜೆ ಭಾವ ಕ್ಯಾಂಪರಿಗೆ ಹೋಗುವ ಪ್ರತಿಯೊಂದು ಸಾಮಾನನ್ನೂ ಕೊಕ್ಕೆಗೆ ನೇತುಹಾಕಿ ತೂಗಿದರು. ಪಾತ್ರೆ, ಹೊದಿಕೆ, ಅಕ್ಕಿ, ಮಡಚುವ ಕುರ್ಚಿ. ಕ್ಯಾಂಪರಿನ ಸ್ವಂತ ತೂಕ ಅದರ ಬಾಗಿಲ ಪಕ್ಕದ ತಗಡಿನ ಮೇಲೆ ಅಚ್ಚಾಗಿತ್ತು. ಎರಡನ್ನೂ ಕೂಡಿಸಿ ಕಾಕನಿಗೆ ಹೇಳಿದೆವು. ಆಮೇಲೆ ಕಾಕ ಒಂದು ಶಿಸ್ತು ಹಾಕಿದರು. ಇಲ್ಲಿ ಗಾಡಿಯ ಅಂಗಾಂಗ ಬದಲಿಸುವ ಮೊದಲು ಅನುಮತಿ, ಆಮೇಲೆ ಕೆಲಸ, ಆಮೇಲೆ ಪಾಸಿಂಗ್, ಅಂದರೆ ಸರಕಾರಿ ತಪಾಸಣೆ. "ಹಿಂದೆ ಮುಂದೆ ಮಾಡ್ಲಿಕ್ಕೆ ಇದು ನಿನ್ನ ಮಿಮಿಕ್ರಿ ಅಲ್ಲ." ಅನುಮತಿ ಬಂದ ಮೇಲೆ ಸತ್ತ ಪಟ್ಟಿಗಳನ್ನು ತೆಗೆದು ನಾವು ಹೇಳಿದ ತೂಕಕ್ಕೆ ತಕ್ಕ ಹೊಸ ಜೋಡಿ ಕೂರಿಸಿದರು. ಗ್ಯಾರೇಜಿನಲ್ಲೇ ಕ್ಯಾಂಪರ್ ಹೇರಿ ನೋಡಿದಾಗ ಪಿಕಪ್ ಕವಾಯತಿಗೆ ನಿಂತ ಪೊಲೀಸನ ಹಾಗೆ ನೆಟ್ಟಗೆ ನಿಂತಿತು. ನಾನು ಸೆಲ್ಯೂಟ್ ಹೊಡೆದೆ. ಪಾಸಿಂಗಿಗೆ ಹೋಗುವ ಮೊದಲು ಒಂದು ಸಲ ಅಕ್ಕನನ್ನು ಕೂರಿಸಿ ನೋಡಿ, ಏನಾದರೂ ಇದ್ದರೆ ಈಗಲೇ ಹೇಳಿ ಎಂದರು ಕಾಕ.

ಏನಾದರೂ ಇತ್ತು.

ಅಲ್ ಐನ್‌ನಲ್ಲಿ ಅಕ್ಕ ಹಾಸ್ಟೆಲಿನ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತಳು. ಮಡಿಲಲ್ಲಿ ಲಿಂಬೆಹುಳಿ. ಭಾವ ಹಿಂದಿನ ಸೀಟಿನಲ್ಲಿ. ಆ ಊರು ಚಂದದ ಊರು, ಆದರೆ ಅದನ್ನು ಕಟ್ಟಿದವರಿಗೆ ವೃತ್ತಗಳ ಮೇಲೆ ವಿಪರೀತ ಪ್ರೀತಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ಇನ್ನೊಂದು. ಮೊದಲ ವೃತ್ತದಲ್ಲಿ ನಾನು ಎಡಕ್ಕೆ ತಿರುಗಿಸಿದರೆ ಬೆನ್ನ ಮೇಲಿನ ಮನೆ ಬಲಕ್ಕೆ ಹೊರಟಿತು. ನಾನು ನೇರ ಮಾಡಿದ ಮೇಲೂ ಅದು ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ನೇರವಾಯಿತು. ಹಿಂಭಾಗ ಮತ್ತೆ ಕುಗ್ಗಿತ್ತು. ಎರಡನೆಯ ವೃತ್ತದಲ್ಲಿ ಅಕ್ಕ ಲಿಂಬೆಹುಳಿಯನ್ನು ಮೂಗಿಗೆ ಒತ್ತಿದಳು. ನಾನು ನಗಿಸೋಣವೆಂದು ನಾಟೂರನ ದನಿಯಲ್ಲಿ "ಬೈಠೋ ಮೇಡಂ, ಸಾಬ್ ಆಯೇಗಾ" ಎಂದೆ.

"ನಿಲ್ಲಿಸು."

"ಇನ್ನೊಂದೇ ಸರ್ಕಲ್ ಅಕ್ಕ—"

"ನಿಲ್ಲಿಸು ಅಂದೆ!"

ರಸ್ತೆಯ ಬದಿಯ ಖರ್ಜೂರದ ಮರದ ಬುಡದಲ್ಲಿ ಅವಳು ಬಗ್ಗಿ ನಿಂತಳು. ಭಾವ ಅವಳ ಬೆನ್ನು ಸವರುತ್ತಿದ್ದರು. ನಾನು ನೀರಿನ ಬಾಟಲಿ ಹಿಡಿದು, ಯಾವ ಮುಖ ಮಾಡಬೇಕೆಂದು ತಿಳಿಯದೆ ನಿಂತೆ. ಮುಖ ತೊಳೆದು ಅಕ್ಕ ಗಂಡನಿಗೆ ಹೇಳಿದಳು, ಸಿಟ್ಟಿಲ್ಲದೆ, ಅದೇ ಹೆಚ್ಚು ಕಷ್ಟ:

"ಬಿಡಿ ಇದನ್ನು. ಚಹಾ ಅಂಗಡಿಯವನಿಗೆ ಕೊಡಿ. ನಮಗೆ ಕುರ್ಚಿ ಉಂಟಲ್ಲ."

ಟ್ಯಾಕ್ಸಿ ಹಿಡಿದು ಅವಳು ಹಾಸ್ಟೆಲಿಗೆ ವಾಪಸು ಹೋದಳು. ನಾನು ಮತ್ತು ಭಾವ ಅಬುಧಾಬಿಯವರೆಗೆ ಮಾತಾಡಲಿಲ್ಲ. ನಾನು ಅಷ್ಟು ದೂರ ಸುಮ್ಮನಿದ್ದದ್ದನ್ನು ಇದುವರೆಗೆ ಮನೆಯಲ್ಲಿ ಯಾರೂ ನಂಬಿಲ್ಲ.

ಕಾಕ ಎಲ್ಲ ಕೇಳಿ, ಪಿಕಪ್ಪಿನ ಹಿಂಭಾಗವನ್ನು ಕೈಯಿಂದ ಒತ್ತಿ ನೋಡಿ ತಲೆ ಕೆರೆದುಕೊಂಡರು. ಅವರ ಜೊತೆಗಿದ್ದ ಪಠಾಣ್ ವೆಲ್ಡರ್ ಕೂಡ ತಲೆ ಕೆರೆದುಕೊಂಡ. ಗ್ಯಾರೇಜಿನಲ್ಲಿ ಸರಿ ನಿಂತದ್ದು ರಸ್ತೆಯಲ್ಲಿ ಯಾಕೆ ಕುಗ್ಗಿತು ಎಂದು ಅವರಿಗೂ ಹೊಳೆಯಲಿಲ್ಲ. "ತೂಕ ನಾನೇ ಮಾಡಿದ್ದು ಕಾಕ, ಕೊಕ್ಕೆ ಸುಳ್ಳು ಹೇಳುದಿಲ್ಲ," ಎಂದರು ಭಾವ. ದನಿ ಸೋತಿತ್ತು. ಅವರ ಕರವಸ್ತ್ರ ಆಗಲೇ ಅಂಚೆಚೀಟಿಯಷ್ಟಾಗಿತ್ತು.

ನನಗೆ ಅದನ್ನು ನೋಡಲಾಗಲಿಲ್ಲ. ನನಗೆ ಬರುವ ಔಷಧಿ ಒಂದೇ. "ಕಾಕ, ನಮ್ಮ ಭಾವ ಏರ್‌ಪೋರ್ಟಿಗೆ ಹೋದದ್ದು ನೋಡಿದ್ದೀರಾ?" ಎಂದು ಎದ್ದೆ. ಟೈರುಗಳ ರಾಶಿ ಕೌಂಟರ್ ಆಯಿತು. ವೆಲ್ಡರನ ಕನ್ನಡಕ ಹಾಕಿಕೊಂಡು ಕೌಂಟರಿನ ಹುಡುಗಿಯಾದೆ, ತೆಗೆದು ಭಾವನಾದೆ.

"ನೀರಿನ ಬಾಟಲಿ ಇದೆಯಾ ಸರ್?" "ನೀರಾ? ಛೆ ಛೆ, ಚೆಲ್ಲಿಯೇ ಬಂದದ್ದು." "ಗ್ಯಾಸು, ಲೈಟರು?" "ಅಯ್ಯೋ, ಅದನ್ನೆಲ್ಲ ಹೊರಗೇ ಇಟ್ಟಿದ್ದೇನೆ." "ಕೈಚೀಲ?" ಇದು ನನ್ನ ಪ್ರಸಿದ್ಧ ಭಾಗ. ಭಾವನ ಕೈಚೀಲದಲ್ಲಿ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಕುಕ್ಕರ್ ಎಲ್ಲ ಇರುತ್ತದೆ. ಹೆಗಲು ಕಿತ್ತುಬರುತ್ತಿದ್ದರೂ ಮುಖದಲ್ಲಿ ಮಲ್ಲಿಗೆ ಮಾಲೆ ಹಿಡಿದ ಹಗುರ. ನಾನು ಒಂದು ಗೇರ್‌ಬಾಕ್ಸನ್ನು ಹೆಗಲಿಗೆ ತೂಗಿಸಿಕೊಂಡು, ಮೊಣಕಾಲು ನಡುಗಿಸುತ್ತ, ಮುಗುಳ್ನಗುತ್ತ ನಡೆದೆ. "ಇದಾ ಮೇಡಂ? ಇದು ಕೈಯಲ್ಲಿ ಹಿಡಿಯುವುದು. ಲೆಕ್ಕಕ್ಕಿಲ್ಲ."

ಕಾಕ ಹೊಟ್ಟೆ ಹಿಡಿದು ನಗುತ್ತಿದ್ದರು. ವೆಲ್ಡರ್ ಭಾಷೆ ಅರ್ಥವಾಗದೆಯೂ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಭಾವನೂ ನಗುತ್ತಿದ್ದರು, ನಡುವೆ ತಟ್ಟನೆ ನಗು ನಿಲ್ಲಿಸಿದರು. ಅವರ ಮುಖ ನೋಡಿ ನನ್ನ ಬಾಯಿಯೂ ನಿಂತಿತು. ನಾನು ಈಗಷ್ಟೇ ಏನು ಹೇಳಿದೆ ಎಂದು ನನ್ನ ಕಿವಿಗೇ ಆಗ ಕೇಳಿಸಿತು.

"ಭಾವ. ಟ್ಯಾಂಕಿನ ನೀರು ತೂಕಕ್ಕೆ ಹಿಡಿದಿದ್ರಾ?"

"ಇಲ್ಲ... ಅದನ್ನು ಖಾಲಿ ಮಾಡಿಯೇ ಅಲ್ವಾ ತೂಗುದು?"

"ಗ್ಯಾಸ್ ಸಿಲಿಂಡರು?"

"ಹೊರಗೆ ತೆಗೆದಿಟ್ಟಿದ್ದೆ."

"ಮತ್ತೆ ಕೈಚೀಲ ಉಂಟಾ?"

ಭಾವ ಹೋಗಿ ಕ್ಯಾಂಪರಿನ ಬೆಂಚು ಎತ್ತಿದರು. ನೀರಿನ ಟ್ಯಾಂಕಿನ ಬದಿಯಲ್ಲಿ, ಹಿಂದಿನ ಚಕ್ರಗಳಿಗಿಂತಲೂ ಎಷ್ಟೋ ಆಚೆ, ಎರಡು ಬಟ್ಟೆಯ ಚೀಲ. ಒಂದರಲ್ಲಿ ಕಲ್ಲಿನ ವೆಟ್ ಗ್ರೈಂಡರ್. ಇನ್ನೊಂದರಲ್ಲಿ ಮೈಕ್ರೋವೇವು, ತೆಂಗಿನಕಾಯಿ, ಇಸ್ತ್ರಿಪೆಟ್ಟಿಗೆ. ಅಲ್ ಐನ್‌ಗೆ ಹೊರಡುವ ದಿನ ಗ್ಯಾಸು ಏರಿತು, ಟ್ಯಾಂಕಿಗೆ ಕುತ್ತಿಗೆಯವರೆಗೆ ನೀರು ತುಂಬಿತು, ಚೀಲಗಳು ಮಲ್ಲಿಗೆ ಮಾಲೆಯ ಹಾಗೆ ಕೈಯಲ್ಲಿ ಬಂದು ಬೆಂಚಿನಡಿ ಕೂತವು. ವರ್ಷಾನುಗಟ್ಟಲೆ ವಿಮಾನಕ್ಕೆ ಪೆಟ್ಟಿಗೆ ಕಟ್ಟಿದ ಕೈ. ಅದಕ್ಕೆ ತೂಗುವುದೆಂದರೆ ಇಷ್ಟನ್ನು ಬಿಟ್ಟು ತೂಗುವುದು. ನಾನೂ ಪಕ್ಕದಲ್ಲೇ ನಿಂತು ನೋಡಿದವನೇ, ನನಗೂ ಏನೂ ಅನ್ನಿಸಿರಲಿಲ್ಲ. ನಾನೇನು ಕಮ್ಮಿ? ಕಳೆದ ಸಲ ಊರಿಗೆ ಹೋಗುವಾಗ ಮೂರು ಅಂಗಿಗಳನ್ನು ಮೈಮೇಲೇ ಹಾಕಿಕೊಂಡು ಹೋದವನು.

ಕಾಕ ಗ್ರೈಂಡರನ್ನು ಎತ್ತಲು ಹೋಗಿ ಕೈಬಿಟ್ಟರು. "ಕೌಂಟರಿನ ಹುಡುಗಿ ಬಿಟ್ಟಾಳು ಮೋನೆ. ಕಮಾನು ಪಟ್ಟಿ ಬಿಡ್ಲಿಕ್ಕಿಲ್ಲ."

ಮರುದಿನ ಒಂದನ್ನೂ ಬಿಡದೆ ಎಲ್ಲವನ್ನೂ ಹೇರಿದೆವು. ನೀರು, ಗ್ಯಾಸು, ಚೀಲ, ಏನೂ ಹೊರಗಿಲ್ಲ. ಹಳೆಕಬ್ಬಿಣದ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೋದೆವು. ನಾನು ಡ್ರೈವರ್ ಸೀಟಿನಲ್ಲಿ, ಭಾವ ಹಿಂದೆ. ಅಕ್ಕನ ಬದಲಿಗೆ ಯಾರು ಎಂಬ ಪ್ರಶ್ನೆ ಬಂತು. ಅವಳ ತೂಕ ಎಷ್ಟು ಎಂದು ಫೋನ್ ಮಾಡಿ ಕೇಳುವ ಧೈರ್ಯ ತಮ್ಮನಿಗೂ ಇರಲಿಲ್ಲ, ಗಂಡನಿಗೂ ಇರಲಿಲ್ಲ. ಕಾಕ ತಾವೇ ಬಂದು ಅಕ್ಕನ ಸೀಟಿನಲ್ಲಿ ಕೂತರು. "ಸ್ವಲ್ಪ ಹೆಚ್ಚು ಬಂದ್ರೆ ಒಳ್ಳೆಯದೇ," ಎಂದರು.

ಸ್ವಲ್ಪ ಅಲ್ಲ, ತುಂಬ ಹೆಚ್ಚು ಬಂತು. ಪಿಕಪ್ ತಯಾರಿಸಿದವರು ಇಷ್ಟು ಮಾತ್ರ ಹೊರಬಹುದು ಎಂದು ಹಾಕಿದ ಮಿತಿಯನ್ನೂ ದಾಟಿತ್ತು. ನಾನು ಕೂಡಲೇ ನನ್ನ ಮಾಮೂಲಿ ಧೈರ್ಯದಲ್ಲಿ, "ಹಾಗಾದ್ರೆ ಇನ್ನೂ ಎರಡು ಪಟ್ಟಿ ಹೆಚ್ಚು ಹಾಕಿ ಕಾಕ," ಎಂದೆ.

ಕಾಕ ಸೀಟಿನಲ್ಲೇ ತಿರುಗಿ, ತಮ್ಮ ಬದಿಯ ಕಿಟಕಿಯ ಹೊರಗೆ ಕೈ ಇಟ್ಟು, ಗಲ್ಲ ಎತ್ತಿ, ಮೂಗಿನಲ್ಲಿ ಹೇಳಿದರು: "ಇನ್ನೂ ಎರಡು ಪಟ್ಟಿ ಹಾಕಿ ಕಾಕ!" ಆ ದನಿ ಥೇಟ್ ನನ್ನದು. ಕೈ ಇಡುವ ರೀತಿ ಕೂಡ. ವೇಬ್ರಿಡ್ಜಿನವನೂ ನಕ್ಕ. ಬೇರೆಯವರಿಗೆ ಇಷ್ಟು ದಿನ ಹೇಗೆ ಅನ್ನಿಸಿರಬಹುದೆಂದು ನನಗೆ ಆ ದಿನ ಸ್ವಲ್ಪ ತಿಳಿಯಿತು. ಅಭ್ಯಾಸವೇನೂ ಬಿಡಲಿಲ್ಲ.

ಆಮೇಲೆ ಅವರು ತಮ್ಮ ದನಿಯಲ್ಲಿ ಹೇಳಿದರು. ಪಟ್ಟಿ ಗಟ್ಟಿ ಮಾಡಿದರೆ ಗಾಡಿ ಕುಗ್ಗುವುದಿಲ್ಲ, ಅಷ್ಟೆ. ಬ್ರೇಕು, ಅಚ್ಚು, ಚಕ್ರ ಅವೇ ಇರುತ್ತವೆ, ಮಿತಿ ಮಿತಿಯೇ. ಮೊದಲು ಭಾರ ಇಳಿಯಬೇಕು, ಉಳಿದ ಭಾರ ಹಿಂದಿನಿಂದ ಮುಂದಕ್ಕೆ ಸರಿಯಬೇಕು, ಆಮೇಲೆ ಸಸ್ಪೆನ್ಷನ್.

ಭಾವನ ಜೀವಮಾನದಲ್ಲಿ ಅವರು ಪೆಟ್ಟಿಗೆಗೆ ತುಂಬಿದ್ದನ್ನು ಹೊರಗೆ ತೆಗೆದದ್ದು ಅದೇ ಮೊದಲು. ಗ್ರೈಂಡರ್ ಇಳಿಯಿತು. "ದೋಸೆಗೆ?" ಎಂದರು. "ಹಿಟ್ಟು ಪ್ಯಾಕೆಟಿನಲ್ಲಿ ಸಿಗ್ತದೆ ಭಾವ, ಮುಂದಿನ ಶತಮಾನ ಬಂದಿದೆ." ಮೈಕ್ರೋವೇವ್ ಇಳಿಯಿತು. ತೆಂಗಿನಕಾಯಿಯ ರಾಶಿಯಿಂದ ಎರಡು ಉಳಿದವು. ಟ್ಯಾಂಕಿಗೆ ಅರ್ಧ ನೀರು ಸಾಕೆಂದಾಯಿತು. ಹೊದಿಕೆಗಳಲ್ಲಿ ಮುಕ್ಕಾಲು ಪಾಲು ಇಳಿದವು, ಅಷ್ಟು ಹೊದಿಕೆ ಹಿಮಾಲಯಕ್ಕೂ ಬೇಡ. ಕೊನೆಗೆ ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದು ನಿಂತರು.

"ಮರಳಲ್ಲಿ ಇಸ್ತ್ರಿ ಯಾರಿಗೆ ಭಾವ? ಒಂಟೆಗಾ?"

"ಅವಳಿಗೆ ಮರುದಿನ ಡ್ಯೂಟಿ ಇರ್ತದೆ. ಯೂನಿಫಾರ್ಮ್ ಅವಳು ಬೆಳಿಗ್ಗೆ ಗಡಿಬಿಡಿಯಲ್ಲಿ ತಾನೇ ಮಾಡಿಕೊಳ್ಳುದು." ಪೆಟ್ಟಿಗೆಯ ತಳವನ್ನು ಅಂಗೈಯಿಂದ ಒರೆಸುತ್ತ ಹೇಳಿದರು, "ಹೋಟೆಲಲ್ಲಿ ಊರವರದ್ದೆಲ್ಲ ಮಾಡಿಸ್ತೇನೆ. ಅವಳದ್ದು ಒಂದು ಸಲವೂ ಮಾಡಿಲ್ಲ."

ನನಗೆ ಬಂದ ಜೋಕನ್ನು ನುಂಗಿದೆ. ಕಾಕ ಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದು, ಹಾಸಿಗೆಯ ಕಡೆಯ ಕಪಾಟಿನಲ್ಲಿ ತಾವೇ ಇಟ್ಟರು.

ಮತ್ತೆ ತೂಗಿದಾಗ ಮಿತಿಯೊಳಗೆ ಬಂತು. ಆಮೇಲಿನ ಕೆಲಸ ನೋಡಲಿಕ್ಕೇ ಖುಷಿ. ಹೊಸ ತೂಕಕ್ಕೆ ಸರಿಯಾದ ಪಟ್ಟಿಗಳು ಬಂದವು. ಅಚ್ಚಿಗೂ ಚೌಕಟ್ಟಿಗೂ ನಡುವೆ ಎರಡು ರಬ್ಬರಿನ ಗಾಳಿಚೀಲ ಕೂತವು. ಟೈರಿಗೆ ಗಾಳಿ ಹಾಕಿದ ಹಾಗೆಯೇ ಅವಕ್ಕೂ ಹಾಕುವುದು, ಮನೆ ಹೊತ್ತಾಗ ತುಂಬಿಸಬೇಕು, ಇಳಿಸಿದಾಗ ಬಿಡಬೇಕು. ಎಡಬಲಕ್ಕೆ ಓಲಾಡದಂತೆ ಎರಡು ಬದಿಯನ್ನೂ ಹಿಡಿದುಕೊಳ್ಳುವ ಒಂದು ದಪ್ಪ ಸರಳು, ಒಳ್ಳೆಯ ಶಾಕ್ ಅಬ್ಸಾರ್ಬರ್‌ಗಳು, ಹೆಚ್ಚು ಭಾರ ತಡೆಯುವ ಟೈರು. ಬದಲಾದ ಕೆಲಸಕ್ಕೆ ಹೊಸದಾಗಿ ಅನುಮತಿ ತಂದದ್ದೂ ಕಾಕನೇ. ಕೆಲಸ ಮುಗಿದ ಮೇಲೆ ಅವರು ಹಿಂದಿನ ಬಂಪರಿನ ಮೇಲೆ ಹತ್ತಿ ಕುಣಿದರು. ಆ ಹೊಟ್ಟೆಗೆ ಹಿಂದೆಯಾದರೆ ಪಿಕಪ್ ಸಾಷ್ಟಾಂಗ ನಮಸ್ಕಾರ ಮಾಡುತ್ತಿತ್ತು. ಈಗ ಒಮ್ಮೆ ತಲೆಬಾಗಿ, ಎದ್ದು, ನಿಂತಿತು.

ಪಾಸಿಂಗಿನಲ್ಲಿ ಒಬ್ಬ ಎಮಿರಾತಿ ತರುಣ, ಕಂದೂರ ಎಂಬ ಬಿಳಿ ನಿಲುವಂಗಿಯಲ್ಲಿ ಒಂದು ಕಲೆಯಿಲ್ಲ, ಸುತ್ತ ನಡೆದು ನೋಡಿದ. ಬಾಗಿಲು ತೆರೆದು ಒಳಗೆ ಇಣುಕಿ, "ಶೂ ಹಾದಾ?" ಎಂದ. ಇದೇನು ಎಂದು. ನಾನು ಬಾಯಿ ತೆರೆಯುವ ಮೊದಲು ಭಾವ ತಮಗೆ ಗೊತ್ತಿದ್ದ ಅರಬ್ಬಿಯಲ್ಲಿ "ಬೈತ್" ಎಂದರು. ಮನೆ. ತರುಣ ಅವರನ್ನೊಮ್ಮೆ, ಆ ಪೆಟ್ಟಿಗೆಯನ್ನೊಮ್ಮೆ ನೋಡಿ, "ಬೈತ್ ಸಗೀರ್" ಎಂದು ನಕ್ಕ. ಚಿಕ್ಕ ಮನೆ. ಆಮೇಲೆ ಕೆಳಗೆ ಬಗ್ಗಿ ಪ್ರತಿಯೊಂದು ಬೋಲ್ಟನ್ನೂ ನೋಡಿಯೇ ಪಾಸ್ ಮಾಡಿದ.

ಇನ್ನು ಪಾಸ್ ಮಾಡಬೇಕಾದವಳು ಒಬ್ಬಳೇ. ಅವಳನ್ನು ಒಪ್ಪಿಸಲು ಭಾವನಿಗೆ ಎರಡು ವಾರ ಹಿಡಿಯಿತು. ಕೊನೆಗೆ ಏನು ಹೇಳಿ ಒಪ್ಪಿಸಿದರೋ ಗೊತ್ತಿಲ್ಲ, ಅದೊಂದನ್ನು ನನಗೆ ಹೇಳಿಲ್ಲ. ರಾತ್ರಿ ಪಾಳಿ ಮುಗಿಸಿ, ಮಧ್ಯಾಹ್ನದವರೆಗೆ ಬಟ್ಟೆ ಒಗೆದು, ಅಕ್ಕ ಇಳಿದು ಬಂದಳು. ಕಣ್ಣಡಿ ಕಪ್ಪು. ಕೈಯಲ್ಲಿ ಎರಡು ಲಿಂಬೆಹುಳಿ, ನನ್ನ ಮೇಲಿನ ವಿಶ್ವಾಸ ಅಷ್ಟು ಇಳಿದಿತ್ತು.

"ಈ ಸಲ ವಾಂತಿ ಬಂದ್ರೆ ನಿನ್ನ ಮೇಲೆಯೇ."

"ಅಂಗಿ ಹಳೆಯದೇ ಹಾಕಿಕೊಂಡು ಬಂದಿದ್ದೇನೆ ಅಕ್ಕ."

ಮೊದಲ ವೃತ್ತ. ನಾನು ಮಾತಿಲ್ಲದೆ ಸ್ಟಿಯರಿಂಗ್ ತಿರುಗಿಸಿದೆ. ಪಿಕಪ್ ತಿರುಗಿತು, ಮನೆಯೂ ಜೊತೆಗೇ ತಿರುಗಿತು, ಎರಡೂ ಒಟ್ಟಿಗೇ ನೇರವಾದವು. ಅಕ್ಕ ಲಿಂಬೆಹುಳಿಯನ್ನು ಮೂಗಿಗೆ ಹಿಡಿದೇ ಇದ್ದಳು, ಕಣ್ಣು ಎದುರಿನ ರಸ್ತೆಗೆ ಮೊಳೆ ಹೊಡೆದಂತೆ. ಎರಡನೆಯ ವೃತ್ತ. ಕೈ ಗಲ್ಲದವರೆಗೆ ಇಳಿಯಿತು. ಮುಂದಿನದರಲ್ಲಿ ಮಡಿಲಿಗೆ. ಅದಾದ ಮೇಲೆ ನೋಡಿದರೆ ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ಒಂದು ಲಿಂಬೆಹುಳಿ ಕಾಲಬುಡದಲ್ಲಿ ಉರುಳುತ್ತಿತ್ತು. ಅಕ್ಕ ನಿದ್ದೆ ಹೋಗಿದ್ದಳು. ಚಲಿಸುವ ವಾಹನದಲ್ಲಿ, ಜೀವನದಲ್ಲಿ ಮೊದಲ ಸಲ.

ನಾನು ಹಿಂದೆ ತಿರುಗಿದೆ. ಭಾವ ತುಟಿಗೆ ಬೆರಳಿಟ್ಟು ಕಣ್ಣು ಬಿಟ್ಟರು. "ಮಾತಾಡ್ಬೇಡ," ಎಂದು ಪಿಸುಗುಟ್ಟಿದರು.

"ಉಸಿರಾಡ್ಲಿಕ್ಕೆ ಅಪ್ಪಣೆ ಉಂಟಾ?"

"ಮೆಲ್ಲ ಆಡು."

ಊರ ಹೊರಗಿನ ಬೋಳು ಗುಡ್ಡದ ಬುಡದಲ್ಲಿ, ಜನ ಬಿಡಾರ ಹೂಡುವ ಬಯಲಿನ ಒಂದು ಮೂಲೆಯಲ್ಲಿ ನಿಲ್ಲಿಸಿದಾಗ ಬಿಸಿಲು ಇನ್ನೂ ಹಳದಿಯಾಗಿತ್ತು. ಎಂಜಿನ್ ನಿಂತದ್ದಕ್ಕೆ ಅಕ್ಕನಿಗೆ ಎಚ್ಚರವಾಯಿತು. "ಯಾಕೆ ನಿಲ್ಲಿಸಿದ್ದು, ಕೆಟ್ಟುಹೋಯ್ತಾ?" ಎಂದಳು. "ಬಂದಾಯ್ತು," ಎಂದರು ಭಾವ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟು ಒಂದು ಗಳಿಗೆ ಕಾದಳು. ಒಳಗಿನಿಂದ ದೂರು ಬರಲಿಲ್ಲ. ನನ್ನ ಕಡೆ ತಿರುಗಿ ನನ್ನ ಕಿವಿ ಹಿಂಡಿದಳು. ನಮ್ಮ ಮನೆಯಲ್ಲಿ ಅದು ಪದಕ.

ನಾನು ಕಂಪೆನಿಯ ಟೆಂಟಿನ ದಪ್ಪ ಹಲಗೆಗಳನ್ನು ಹಾಸಿ, ಅದರ ಮೇಲೆ ನಾಲ್ಕು ಕಾಲು ಊರಿಸಿ, ಹಿಡಿ ತಿರುಗಿಸಿದೆ. ಮನೆ ಎದ್ದಿತು. ಪಿಕಪ್ಪನ್ನು ಅದರಡಿಯಿಂದ ಮುಂದಕ್ಕೆ ತೆಗೆದೆ. ಆಮೇಲೆ ಮನೆಯನ್ನು ಆದಷ್ಟು ಕೆಳಗೆ ಇಳಿಸಿ ಅಲುಗಾಡಿಸಿ ನೋಡಿದೆ, ಗಟ್ಟಿ. ಅಷ್ಟರಲ್ಲಿ ಅಕ್ಕ ಒಳಗೆ ಹೋಗಿ ಇದು ಯಾಕೆ ಇಲ್ಲಿ, ಅದು ಯಾಕೆ ಅಲ್ಲಿ ಎಂದು ಶುರು ಮಾಡಿದ್ದಳು. ಚಹಾ ಆಯಿತು. ನನಗೂ ಒಂದು ಲೋಟ ಸಿಕ್ಕಿತು. ಎರಡನೆಯ ಲೋಟಕ್ಕೆ ಕೈ ಚಾಚಿದೆ.

"ನಿನ್ನ ವ್ಯವಸ್ಥೆ ಎಲ್ಲಿ?" ಎಂದಳು ಅಕ್ಕ.

"ಇಲ್ಲೇ ಪಿಕಪ್ಪಲ್ಲಿ ಮಲಗ್ತೇನೆ. ಕಾವಲಿಗೆ ಒಬ್ಬ ನಾಟೂರ್ ಬೇಡವಾ?"

"ಯಲ್ಲಾ, ಹೊರಡು! ಊರಲ್ಲಿ ನಿನ್ನ ಫ್ರೆಂಡ್ಸ್ ಇಲ್ವಾ? ನಾಳೆ ಊಟದ ಹೊತ್ತಿಗೆ ಮೊದಲು ಈ ಕಡೆ ತಲೆ ಹಾಕಿದ್ಯೋ, ನೋಡು."

"ಡ್ರೈವರಿಗೆ ಒಂದು ಬನ್ನಾದರೂ—"

ಭಾವ ಆಗಲೇ ನನ್ನ ಚೀಲ ತಂದು ಪಿಕಪ್ಪಿನ ಸೀಟಿನಲ್ಲಿ ಇಟ್ಟಿದ್ದರು, ಬನ್ನಿನ ಪ್ಯಾಕೆಟಿನ ಸಮೇತ. ಇಷ್ಟು ಬೇಗ ಯಾರನ್ನೂ ಪ್ಯಾಕ್ ಮಾಡಿ ಕಳಿಸಿದ್ದನ್ನು ನಾನು ನೋಡಿಲ್ಲ.

ಗಾಳಿಚೀಲಗಳ ಗಾಳಿ ಬಿಡುವುದನ್ನು ಈ ಗಡಿಬಿಡಿಯಲ್ಲಿ ಮರೆತೆ. ಮನೆ ಇಳಿಸಿದ ಪಿಕಪ್ಪಿಗೆ ಈಗ ಹೊರಲಿಕ್ಕೆ ನನ್ನ ಅಹಂಕಾರ ಒಂದೇ. ಆಡಿನ ಮರಿಯ ಹಾಗೆ ಕುಪ್ಪಳಿಸಿತು. ಒಂದೊಂದು ಉಬ್ಬಿಗೂ ನನ್ನ ತಲೆ ಮೇಲಕ್ಕೆ ಬಡಿಯುತ್ತಿತ್ತು, ಬನ್ನುಗಳು ಸೀಟಿನಿಂದ ಹಾರಿದವು. ಆದರೂ ಎಡಗೈ ಕಿಟಕಿಯ ಹೊರಗಿಟ್ಟು, ಗಲ್ಲ ಎತ್ತಿ, ಸ್ಟೈಲಿನಲ್ಲಿ ಒಂದು ದೊಡ್ಡ ಸುತ್ತು ಹೊಡೆದು ಅವರೆದುರಿನಿಂದಲೇ ಹೊರಡೋಣವೆಂದು ಆಕ್ಸಿಲರೇಟರ್ ಒತ್ತಿದೆ.

ಅಕ್ಕ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಏಯ್! ಮನೆಯೆದುರು ಧೂಳೆಬ್ಬಿಸಬೇಡ ಮಾರಾಯ, ಪಾತ್ರೆ ಹೊರಗುಂಟು!"

ನಾನು ಕಾಲು ತೆಗೆದೆ. ಗೇರು ಇಳಿಸಿ, ಒಂದು ಕಣ ಮರಳು ಏಳದ ಹಾಗೆ, ಅವರ ಅಂಗಳವನ್ನು ಬಳಸಿಕೊಂಡು ಮೆಲ್ಲನೆ ರಸ್ತೆಗೆ ಹತ್ತಿದೆ.